ಒಂದೇ ಮುಖ, ಒಂದೇ ಕಿಟಕಿ: ಪೋರ್ಟ್ರೇಟ್ ಫೋಟೊ ಕಲಿಯಲು ಎರಡು ತಿಂಗಳ ಅಭ್ಯಾಸ

ಪೋರ್ಟ್ರೇಟ್, ಅಂದರೆ ಒಬ್ಬರ ಮುಖವೇ ಮುಖ್ಯವಾದ ಫೋಟೊ, ಕಲಿಯಬೇಕು ಅಂದುಕೊಂಡವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಹೊಸ ಲೆನ್ಸ್ ಕೊಳ್ಳುತ್ತಾರೆ. ಆಮೇಲೆ ಸಿಕ್ಕಸಿಕ್ಕವರ ಫೋಟೊ ತೆಗೆಯುತ್ತಾರೆ: ಮದುವೆಯಲ್ಲಿ ಚಿಕ್ಕಮ್ಮ, ಜಾತ್ರೆಯಲ್ಲಿ ಬಳೆಗಾರ, ಟ್ರಿಪ್ಪಿನಲ್ಲಿ ಗೆಳೆಯ. ಫೋಟೊಗಳೇನೋ ರಾಶಿ ಬೀಳುತ್ತವೆ. ಆದರೆ ಪ್ರತಿ ಸಲವೂ ಮುಖ ಬೇರೆ, ಬೆಳಕು ಬೇರೆ, ಜಾಗ ಬೇರೆ. ಒಂದು ಚೆನ್ನಾಗಿ ಬಂದರೆ ಯಾಕೆ ಬಂತು, ಇನ್ನೊಂದು ಕೆಟ್ಟರೆ ಯಾಕೆ ಕೆಟ್ಟಿತು ಅನ್ನುವುದೇ ತಿಳಿಯುವುದಿಲ್ಲ. ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ನಾಲ್ಕು ‘ಸೂಪರ್’, ಒಂದಷ್ಟು ಹೆಬ್ಬೆರಳು. ಖುಷಿ ಆಗುತ್ತದೆ, ಮುಂದಿನ ಫೋಟೊಗೆ ಅದರಿಂದ ಏನೂ ಸಿಗುವುದಿಲ್ಲ.

ಇಲ್ಲಿ ಹೇಳುವ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಒಬ್ಬರನ್ನೇ, ಒಂದೇ ಕಿಟಕಿಯ ಹತ್ತಿರ, ವಾರ ವಾರ ತೆಗೆಯುವುದು. ಒಂದು ಸಲಕ್ಕೆ ಒಂದೇ ವಿಷಯ ಬದಲಿಸುವುದು. ಮೂರೇ ಫೋಟೊ ಆರಿಸಿ ಬೇರೆಯವರಿಗೆ ಒಂದೇ ಪ್ರಶ್ನೆ ಕೇಳುವುದು. ಬಂದ ಉತ್ತರ ಹಿಡಿದುಕೊಂಡು ಅದೇ ಕಿಟಕಿಗೆ ವಾಪಸ್ ಹೋಗಿ ಮತ್ತೆ ತೆಗೆಯುವುದು. ಈ ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅಭಿಪ್ರಾಯ ಕೇಳುತ್ತಾರೆ, ತಲೆ ಆಡಿಸುತ್ತಾರೆ, ಮುಂದಿನ ವಾರ ಬೇರೆ ಯಾರನ್ನೋ ತೆಗೆಯಲು ಹೊರಡುತ್ತಾರೆ. ಕೇಳಿದ್ದು ಕೈಗೆ ಇಳಿಯುವುದೇ ಇಲ್ಲ.

1. ಒಬ್ಬರನ್ನು ಗೊತ್ತು ಮಾಡಿಕೊಳ್ಳಿ

ಮನೆಯಲ್ಲೇ ಇರುವವರಾದರೆ ಒಳ್ಳೆಯದು. ಅಪ್ಪ, ಅಜ್ಜಿ, ತಂಗಿ, ರೂಮ್‌ಮೇಟ್, ಪಕ್ಕದ ಮನೆಯ ಅಂಕಲ್, ಯಾರಾದರೂ ಸರಿ. ವಾರಕ್ಕೆ ಇಪ್ಪತ್ತು ನಿಮಿಷ ಕೂರಲು ಅವರಿಗೆ ಬೇಸರ ಇರಬಾರದು. ‘ಇದೇನೋ ಇದು, ನಾನು ಹೀಗಿದೀನಾ?’ ಅಂತ ಮುಖಕ್ಕೇ ಕೇಳುವಷ್ಟು ಸಲುಗೆಯೂ ಇರಬೇಕು. ಚಿಕ್ಕ ಮಕ್ಕಳು ಸದ್ಯಕ್ಕೆ ಬೇಡ. ಅವರು ಕೂರುವುದಿಲ್ಲ. ನೀವು ಬೆಳಕು ನೋಡುವುದು ಬಿಟ್ಟು ಅವರ ಹಿಂದೆ ಓಡುತ್ತೀರಿ.

ಎಷ್ಟು ವಾರ ಬೇಕು, ಫೋಟೊಗಳನ್ನು ಯಾರಿಗೆ ತೋರಿಸುತ್ತೀರಿ ಎಂದು ಮೊದಲೇ ಹೇಳಿಬಿಡಿ. ಅವರು ಬೇಡ ಅಂದ ಫೋಟೊ ಅಳಿಸುತ್ತೀರಿ ಎಂದೂ ಹೇಳಿ. ಹೇಳಿದ ಹಾಗೇ ಅವರೆದುರೇ ಒಂದೆರಡು ಅಳಿಸಿದರೆ, ಎರಡನೇ ವಾರಕ್ಕೆ ಬಿಗಿ ಹಿಡಿದ ಭುಜ ತಾನಾಗಿಯೇ ಇಳಿದಿರುತ್ತದೆ. ಬದಲಿಗೆ ನೀವೂ ಏನಾದರೂ ಕೊಡಿ. ಅಜ್ಜಿಗೆ ಒಂದು ಪ್ರಿಂಟ್, ತಮ್ಮನಿಗೆ ಡಿಪಿ, ಅಂಕಲ್‌ಗೆ ಪಾಸ್‌ಪೋರ್ಟ್ ಸೈಜ್. ಪಾಸ್‌ಪೋರ್ಟ್ ಸೈಜ್ ಫೋಟೊ ಎಂದರೆ ಕೆಲವರಿಗೆ ಅಸಡ್ಡೆ. ಎರಡೂ ಕೆನ್ನೆಗೆ ಒಂದೇ ಸಮ ಬೆಳಕು, ಹಿಂದಿನ ಗೋಡೆಯ ಮೇಲೆ ನೆರಳಿಲ್ಲ, ಬಣ್ಣ ಸರಿ: ಇಷ್ಟನ್ನು ಮನೆಯಲ್ಲೇ ತೆಗೆದು ನೋಡಿ, ಅದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

2. ಸಾಮಾನು: ಇರುವುದೇ ಸಾಕು

ಫೋನ್ ಆದರೂ ನಡೆಯುತ್ತದೆ. ಲೆನ್ಸನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಜೇಬಿನ ಎಣ್ಣೆ ಜಿಡ್ಡೇ ಎಷ್ಟೋ ಫೋಟೊಗಳನ್ನು ಮಂಕು ಮಾಡಿರುತ್ತದೆ. ಬ್ಯೂಟಿ ಮೋಡ್ ಆಫ್ ಮಾಡಿ. ಮೊದಲ ತಿಂಗಳು ಪೋರ್ಟ್ರೇಟ್ ಮೋಡನ್ನೂ ಮುಟ್ಟಬೇಡಿ. ಅದು ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕು ಮಾಡುತ್ತದೆ. ಮುಡಿದ ಮಲ್ಲಿಗೆ, ಜುಮುಕಿ, ಕನ್ನಡಕದ ಅಂಚು ಬಂದಾಗ ಲೆಕ್ಕ ತಪ್ಪಿ ಅವನ್ನೂ ಅರ್ಧ ನುಂಗಿಬಿಡುತ್ತದೆ. ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಲಾಕ್ ಆಗುತ್ತವೆ. ಆಮೇಲೆ ಬೆರಳನ್ನು ಮೇಲೆ ಕೆಳಗೆ ಜಾರಿಸಿ ಬೆಳಕನ್ನು ಹೆಚ್ಚು ಕಡಿಮೆ ಮಾಡಬಹುದು. ಮುಂದಿನ ಎಲ್ಲ ಅಭ್ಯಾಸಕ್ಕೂ ಇದೊಂದು ಗೊತ್ತಿದ್ದರೆ ಸಾಕು.

ಕ್ಯಾಮೆರಾ ಇದ್ದವರು ಅಪರ್ಚರ್ ಪ್ರಯಾರಿಟಿ ಮೋಡ್‌ನಲ್ಲಿ ಎಫ್ 4 ಇಟ್ಟು ಶುರು ಮಾಡಿ. ಅಪರ್ಚರ್ ಅಂದರೆ ಬೆಳಕು ಒಳಗೆ ಬರುವ ಲೆನ್ಸಿನ ಕಿಂಡಿ, ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಶಟರ್ (ಬೆಳಕು ಒಳಗೆ ಬರುವಷ್ಟು ಹೊತ್ತು) ಸೆಕೆಂಡಿನ 1/125ಕ್ಕಿಂತ ನಿಧಾನ ಆಗದಂತೆ ನೋಡಿಕೊಳ್ಳಿ. ಜನ ಸುಮ್ನೆ ಕೂತಿದ್ದಾರೆ ಅಂದುಕೊಂಡರೂ ಅಲ್ಲಾಡುತ್ತಲೇ ಇರುತ್ತಾರೆ. ಐಎಸ್ಒ, ಅಂದರೆ ಸೆನ್ಸರ್ ಬೆಳಕನ್ನು ಗ್ರಹಿಸುವ ಮಟ್ಟ, ಆಟೋದಲ್ಲಿರಲಿ. ಕಣ್ಣನ್ನು ಹಿಡಿಯುವ ಆಟೊಫೋಕಸ್ ಇದ್ದರೆ ಆನ್ ಮಾಡಿ.

ಎಫ್ 1.8ರ ಲೆನ್ಸ್ ಇರುವಾಗ ಎಫ್ 4 ಯಾಕೆ ಅಂತ ಕೇಳಬಹುದು. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸನ್ನು (ಎಂಎಂ ಹೆಚ್ಚಾದಷ್ಟೂ ನೋಟ ಕಿರಿದು) ಎಫ್ 1.8ಕ್ಕೆ ಇಟ್ಟು ಒಂದೂವರೆ ಮೀಟರ್ ದೂರದಿಂದ ತೆಗೆದರೆ, ಸ್ಪಷ್ಟವಾಗಿ ಕಾಣುವ ಜಾಗದ ಆಳ ಸುಮಾರು 3 ಸೆಂಟಿಮೀಟರ್ ಮಾತ್ರ. ತಲೆ ಸ್ವಲ್ಪ ಓರೆಯಾದರೂ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಕಲಿಯುವಾಗ ಫೋಟೊ ಕೆಟ್ಟಿದ್ದು ಬೆಳಕಿನಿಂದಲೋ ಫೋಕಸ್ಸಿನಿಂದಲೋ ಅಂತ ಗೊಂದಲ ಆಗಬಾರದು. ಸಾರಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಬದಲಿಸಿದರೆ ರುಚಿ ಎಲ್ಲಿ ಕೆಟ್ಟಿತು ಅಂತ ಹೇಳುವವರು ಯಾರು?

ಲೆನ್ಸ್ ಕೊಳ್ಳಲೇಬೇಕು ಅನ್ನಿಸಿದರೆ 50 ಎಂಎಂ ಎಫ್ 1.8 ಸಾಕು. ಚಿಕ್ಕ ಸೆನ್ಸರಿನ ಕ್ಯಾಮೆರಾಗಳಲ್ಲಿ ಅದು 75ರಿಂದ 80 ಎಂಎಂ ಲೆನ್ಸಿನಷ್ಟು ನೋಟ ಕೊಡುತ್ತದೆ. ಮುಖಕ್ಕೆ ಅಷ್ಟು ಧಾರಾಳ.

3. ಮೊದಲ ವಾರ: ದೂರ

ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಹಾಕಿ: ಕೂತವರಿಂದ ಒಂದೂವರೆ ಅಡಿ, ಮೂರು ಅಡಿ, ಐದು ಅಡಿ, ಎಂಟು ಅಡಿ. ಪ್ರತಿ ಗೆರೆಯಲ್ಲೂ ನಿಂತು ಒಂದೊಂದು ಫೋಟೊ ತೆಗೆಯಿರಿ. ಆಮೇಲೆ ಎಲ್ಲದರಲ್ಲೂ ಮುಖ ಒಂದೇ ಅಳತೆಗೆ ಬರುವ ಹಾಗೆ ಕತ್ತರಿಸಿ ಪಕ್ಕಪಕ್ಕ ಇಡಿ.

ಒಂದೂವರೆ ಅಡಿಯ ಫೋಟೊದಲ್ಲಿ ಮೂಗು ಮುಂದೆ ಬಂದು ಕಿವಿ ಹಿಂದೆ ಅಡಗಿರುತ್ತದೆ. ಐದು ಅಡಿಯಲ್ಲಿ ಮುಖ ನೀವು ದಿನಾ ನೋಡುವ ಹಾಗಿರುತ್ತದೆ. ಎಂಟು ಅಡಿಗೆ ಹೋದರೆ ಸ್ವಲ್ಪ ಚಪ್ಪಟೆ. 2018ರಲ್ಲಿ ಅಮೆರಿಕದ ವೈದ್ಯರು ಇದನ್ನೇ ಲೆಕ್ಕ ಹಾಕಿ ತೋರಿಸಿದ್ದರು: 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದ ಫೋಟೊದಲ್ಲಿ ಕಾಣುವುದಕ್ಕಿಂತ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ. ಸೆಲ್ಫಿ ನೋಡಿಕೊಂಡು ಮೂಗಿನ ಆಪರೇಷನ್ ಕೇಳಿಕೊಂಡು ಬರುವವರು ಜಾಸ್ತಿ ಆಗಿದ್ದೇ ಆ ಲೆಕ್ಕಕ್ಕೆ ಕಾರಣ.

‘ವೈಡ್ ಲೆನ್ಸ್ ಮುಖ ಕೆಡಿಸುತ್ತದೆ’ ಅಂತ ಹೇಳುವುದನ್ನು ಕೇಳಿರುತ್ತೀರಿ. ವೈಡ್ ಅಂದರೆ ಅಗಲ ನೋಟದ ಲೆನ್ಸ್. ಲೆನ್ಸ್ ಪಾಪ ಏನೂ ಮಾಡುವುದಿಲ್ಲ. ವೈಡ್ ಲೆನ್ಸ್ ಇದ್ದರೆ ನಾವು ಹತ್ತಿರ ಹೋಗುತ್ತೇವೆ, ಹತ್ತಿರ ಹೋಗಿದ್ದೇ ಮುಖ ಕೆಡಿಸುತ್ತದೆ. ಫೋನಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 26 ಎಂಎಂ ನೋಟದ್ದು. ಅದಕ್ಕೇ ಫೋನಿನಲ್ಲಿ 2ಎಕ್ಸ್ ಅಥವಾ 3ಎಕ್ಸ್ ಜೂಮ್ ಒತ್ತಿ ಐದಾರು ಅಡಿ ಹಿಂದೆ ನಿಲ್ಲಿ.

4. ಎರಡು ಮತ್ತು ಮೂರನೇ ವಾರ: ಕಿಟಕಿ

ಇಲ್ಲಿ ನಿಧಾನವಾಗಿ ಹೋಗೋಣ. ಪೋರ್ಟ್ರೇಟಿನ ಮುಕ್ಕಾಲು ಪಾಲು ಇಲ್ಲೇ ಇದೆ.

ಮೊದಲು ಮನೆಯ ಲೈಟುಗಳನ್ನೆಲ್ಲ ಆರಿಸಿ. ಹಗಲ ಬೆಳಕಿನ ಬಣ್ಣ ಒಂದು, ಬಲ್ಬಿನ ಬಣ್ಣ ಇನ್ನೊಂದು. ಎರಡೂ ಸೇರಿದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಯಾವ ಸಾಫ್ಟ್‌ವೇರಿನಲ್ಲೂ ಅದನ್ನು ಸುಲಭಕ್ಕೆ ಸರಿ ಮಾಡಲಾಗುವುದಿಲ್ಲ. ನೇರ ಬಿಸಿಲು ಬೀಳದ ಕಿಟಕಿ ಆರಿಸಿ. ಬೀಳುತ್ತಿದ್ದರೆ ತೆಳ್ಳನೆಯ ಬಿಳಿ ಪಂಚೆಯನ್ನು ಅಡ್ಡ ಕಟ್ಟಿ.

ಉತ್ತರದ ಕಿಟಕಿಯೇ ಶ್ರೇಷ್ಠ ಎಂದು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಯುರೋಪಿಗೆ ಆ ಮಾತು ಸರಿ. ನಮ್ಮಲ್ಲಿ ಅರ್ಧ ಸರಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬೀಳಬಹುದು. ಹಾಗಾಗಿ ದಿಕ್ಸೂಚಿ ನೋಡುವ ಬದಲು ಒಂದು ದಿನ ಮನೆಯ ಎಲ್ಲ ಕಿಟಕಿಗಳನ್ನೂ ಬೆಳಗ್ಗೆ, ಮಧ್ಯಾಹ್ನ, ಸಂಜೆ ನೋಡಿ ಬರೆದಿಟ್ಟುಕೊಳ್ಳಿ.

ಈಗ ಅಭ್ಯಾಸ. ಕಿಟಕಿಯಿಂದ ಮೂರು ಅಡಿ ದೂರದಲ್ಲಿ ಒಂದು ಕುಳ್ಳ ಸ್ಟೂಲ್ ಇಡಿ. ಎತ್ತರದ ಕುರ್ಚಿ ಬೇಡ. ಮುಖ ಕಿಟಕಿಯ ಕೆಳ ಅಂಚಿನ ಮಟ್ಟಕ್ಕೆ ಬಂದರೆ ಬೆಳಕು ಸ್ವಲ್ಪ ಮೇಲಿನಿಂದ ಬೀಳುತ್ತದೆ. ಮೂಗಿನ ನೆರಳು ಕೆಳಗೆ ಇಳಿಯುತ್ತದೆ. ನಮ್ಮ ಕಣ್ಣಿಗೆ ಅದೇ ಸಹಜ.

ಮೊದಲು ಮುಖ ನೇರ ಕಿಟಕಿಯ ಕಡೆಗೆ. ಮುಖ ಪೂರ್ತಿ ಬೆಳಗುತ್ತದೆ, ಸ್ವಲ್ಪ ಸಪ್ಪೆ. ಆಮೇಲೆ ಇಡೀ ದೇಹವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲವೂ ಒಂದು ಫೋಟೊ. ನೀವು ನೋಡಬೇಕಾದ್ದು ಮೂಗಿನ ನೆರಳನ್ನು ಮಾತ್ರ. ಮೊದಲು ಅದು ಮೂಗಿನ ಪಕ್ಕ ಚಿಕ್ಕದಾಗಿ ಬೀಳುತ್ತದೆ. ಇನ್ನೂ ತಿರುಗಿಸಿದರೆ ಉದ್ದವಾಗಿ, ಕೆನ್ನೆಯ ನೆರಳನ್ನು ಹೋಗಿ ಮುಟ್ಟುತ್ತದೆ. ಆ ಕ್ಷಣಕ್ಕೆ ಕತ್ತಲ ಕಡೆಯ ಕಣ್ಣಿನ ಕೆಳಗೆ ಒಂದು ಚಿಕ್ಕ ತ್ರಿಕೋನದ ಬೆಳಕು ಉಳಿಯುತ್ತದೆ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಚಿತ್ರಗಳಲ್ಲಿ ಈ ಬೆಳಕು ಮತ್ತೆ ಮತ್ತೆ ಕಾಣುವುದರಿಂದ ಫೋಟೊಗ್ರಾಫರುಗಳು ಇದನ್ನು ರೆಂಬ್ರಾಂಟ್ ಲೈಟಿಂಗ್ ಎನ್ನುತ್ತಾರೆ. ಇನ್ನೂ ತಿರುಗಿಸಿದರೆ ಅರ್ಧ ಮುಖ ಬೆಳಕು, ಅರ್ಧ ಕತ್ತಲೆ. ನಾಟಕದ ಪೋಸ್ಟರಿಗೆ ಚೆಂದ, ಅಜ್ಜಿಗೆ ಇಷ್ಟ ಆಗಲಿಕ್ಕಿಲ್ಲ.

ಮೂರನೇ ವಾರ ದೂರ ಬದಲಿಸಿ. ಸ್ಟೂಲನ್ನು ಮೂರು ಅಡಿಯಿಂದ ಆರು ಅಡಿಗೆ ಸರಿಸಿ. ಚಿಕ್ಕ ಕಿಟಕಿಯಾದರೆ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ದೊಡ್ಡದಾದರೆ ಅಷ್ಟು ಬೇಗ ಇಳಿಯುವುದಿಲ್ಲ. ನೆರಳಿನ ಅಂಚೂ ಗಡುಸಾಗುತ್ತದೆ. ಕಿಟಕಿಗೆ ಹತ್ತಿರ ಕೂತಷ್ಟೂ ಬೆಳಕು ಮೆದು, ಹಿಂದಿನ ಗೋಡೆ ಕತ್ತಲು. ಹಿನ್ನೆಲೆಯಲ್ಲಿ ಬಟ್ಟೆ ಒಣಹಾಕಿದ ಹಗ್ಗ, ಕ್ಯಾಲೆಂಡರ್, ಟಿವಿ ಸ್ಟ್ಯಾಂಡ್ ಇರುವ ಮನೆಗಳಲ್ಲಿ ಇದು ದೊಡ್ಡ ಉಪಕಾರ. ಕತ್ತಲಲ್ಲಿ ಅವೆಲ್ಲ ಮುಳುಗಿಹೋಗುತ್ತವೆ.

ನೆರಳು ಜಾಸ್ತಿ ಆಯಿತು ಅನ್ನಿಸಿದರೆ ಕತ್ತಲ ಕಡೆಗೆ ಒಂದು ಥರ್ಮಾಕೋಲ್ ಹಲಗೆ ನಿಲ್ಲಿಸಿ, ಇಲ್ಲವೇ ಕುರ್ಚಿಯ ಮೇಲೆ ಬಿಳಿ ಪಂಚೆ ಹರಡಿ. ನೆರಳು ಸಾಲದು ಅನ್ನಿಸಿದರೆ ಅದೇ ಜಾಗಕ್ಕೆ ಕಪ್ಪು ಶಾಲು ಅಥವಾ ಕರಿ ಕಂಬಳಿ. ಬಿಳಿ ಗೋಡೆಯ ಚಿಕ್ಕ ರೂಮಿನಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಪುಟಿದು ಮುಖ ಚಪ್ಪಟೆ ಆಗುತ್ತದಲ್ವಾ, ಅಲ್ಲಿ ಕಂಬಳಿಯೇ ಬೇಕು. ಗೋಡೆ, ನೆಲದ ಬಣ್ಣವೂ ಮುಖಕ್ಕೆ ಬರುತ್ತದೆ. ಹಳೆ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲದ ಮೇಲೆ ಬಿಸಿಲು ಬಿದ್ದರೆ ಗಲ್ಲದ ಕೆಳಗೆಲ್ಲ ಕೆಂಪು. ತಿಳಿ ಹಸಿರು ಗೋಡೆ ಇದ್ದರೆ ಕಾಯಿಲೆ ಬಿದ್ದವರ ಕಳೆ. ನೆಲಕ್ಕೆ ಒಂದು ಬೆಡ್‌ಶೀಟ್ ಹಾಸಿದರೆ ಮುಗಿಯಿತು.

ಪ್ರತಿ ಫೋಟೊದಲ್ಲೂ ಕಣ್ಣಿನೊಳಗೆ ಕಿಟಕಿಯ ಚಿಕ್ಕ ಬಿಳಿ ಮಿಂಚು ಇದೆಯಾ ನೋಡಿ. ಇಲ್ಲದಿದ್ದರೆ ಗಲ್ಲವನ್ನು ಒಂದು ಬೆರಳಷ್ಟು ಕಿಟಕಿಯ ಕಡೆ ತಿರುಗಿಸಲು ಹೇಳಿ. ಕನ್ನಡಕದಲ್ಲಿ ಕಿಟಕಿ ಪೂರ್ತಿ ಪ್ರತಿಫಲಿಸುತ್ತಿದ್ದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಹತ್ತಿರ ಚೂರು ಮೇಲೆತ್ತಿ, ಗಾಜು ಕೆಳಕ್ಕೆ ವಾಲುತ್ತದೆ. ಕನ್ನಡಕ ತೆಗೆಸಬೇಡಿ. ದಿನಾ ಹಾಕುವವರು ಅದನ್ನು ತೆಗೆದರೆ ಬೇರೆಯವರ ಹಾಗೆ ಕಾಣುತ್ತಾರೆ.

5. ನಾಲ್ಕನೇ ವಾರ: ಚರ್ಮದ ಬಣ್ಣ

ಕ್ಯಾಮೆರಾಗೆ ಮುಖ ಯಾವುದು, ಬಟ್ಟೆ ಯಾವುದು ಎಂದು ಯಾವಾಗಲೂ ತಿಳಿಯುವುದಿಲ್ಲ. ತನ್ನ ಮುಂದಿರುವುದನ್ನೆಲ್ಲ ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಪಂಚೆ, ಬಿಳಿ ಶರ್ಟು ಹಾಕಿದ ತಾತ ಫ್ರೇಮ್ ತುಂಬ ಕೂತರೆ ‘ಬೆಳಕು ಜಾಸ್ತಿ’ ಅಂದುಕೊಂಡು ಎಲ್ಲವನ್ನೂ ಕಪ್ಪಾಗಿಸುತ್ತದೆ. ಕತ್ತಲ ಗೋಡೆಯ ಮುಂದೆ ಕೂರಿಸಿದರೆ ಉಲ್ಟಾ, ಮುಖ ಸುಣ್ಣ ಬಳಿದ ಹಾಗೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಕ್ಯಾಮೆರಾ ಅಂದಾಜಿಸಿದ ಬೆಳಕನ್ನು ನಾವೇ ಹೆಚ್ಚು (ಪ್ಲಸ್) ಕಡಿಮೆ (ಮೈನಸ್) ಮಾಡುವ ಸೌಲಭ್ಯ, ಇರುವುದು ಇದಕ್ಕೇ. ಬಿಳಿ ಬಟ್ಟೆಗೆ ಪ್ಲಸ್ 1ರ ಆಸುಪಾಸು, ಕತ್ತಲ ಹಿನ್ನೆಲೆಗೆ ಮೈನಸ್ 1ರ ಆಸುಪಾಸು ಇಟ್ಟು ನೋಡಿ. ಮುಖ ಸರಿ ಬರಲಿ, ಬಟ್ಟೆ ಆಮೇಲೆ.

ಈ ವಾರದ ಅಭ್ಯಾಸ: ಒಂದೇ ಭಂಗಿ, ಮೈನಸ್ 1ರಿಂದ ಪ್ಲಸ್ 1ರವರೆಗೆ ಐದು ಫೋಟೊ. ನೋಡುವಾಗ ಆ ವ್ಯಕ್ತಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೆನ್ನೆಯನ್ನೂ ಪರದೆಯನ್ನೂ ಹೋಲಿಸಿ.

ಒಂದು ಮಾತು ಹೇಳಲೇಬೇಕು. ‘ಸ್ವಲ್ಪ ಬೆಳ್ಳಗೆ ಮಾಡಿ’ ಅನ್ನುವ ಬೇಡಿಕೆ ಬಂದೇ ಬರುತ್ತದೆ. ಈ ರೋಗಕ್ಕೆ ಹಳೆಯ ಬೇರುಗಳಿವೆ. ಫಿಲ್ಮ್ ಕಂಪನಿ ಕೊಡಾಕ್, ಫೋಟೊ ಪ್ರಿಂಟ್ ಹಾಕುವ ಲ್ಯಾಬುಗಳಿಗೆ ಬಣ್ಣ ಸರಿ ಮಾಡಿಕೊಳ್ಳಲು ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ಗಳಲ್ಲಿ ದಶಕಗಟ್ಟಲೆ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರವೇ. ಬೇರೆ ಬೇರೆ ಬಣ್ಣದವರು ಒಟ್ಟಿಗೆ ಇರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಕಪ್ಪು ಚರ್ಮ ಚೆನ್ನಾಗಿ ಬರಬೇಕೆಂದರೆ ಅದನ್ನು ಬಿಳಿ ಮಾಡಬೇಕಾಗಿಲ್ಲ. ಪಕ್ಕದ ಕಿಟಕಿಯ ದೊಡ್ಡ ಮೆದು ಬೆಳಕಿನಲ್ಲಿ ಕೂರಿಸಿ, ಹಣೆ, ಕೆನ್ನೆಮೂಳೆ, ಮೂಗಿನ ಮೇಲೆ ಆ ಬೆಳಕು ಹೊಳೆಯುವ ಹಾಗೆ ಮುಖ ತಿರುಗಿಸಿ. ಮುಖದ ಆಕಾರವೆಲ್ಲ ಆ ಹೊಳಪಿನಲ್ಲೇ ಎದ್ದು ಕಾಣುತ್ತದೆ. ಪೌಡರ್ ಹಚ್ಚಿ ಅದನ್ನು ಕೊಲ್ಲಬೇಡಿ.

6. ಐದನೇ ವಾರ: ಮಾತು, ಗಲ್ಲ, ಕೈ

‘ಸ್ಮೈಲ್ ಮಾಡಿ’ ಅಂದ ತಕ್ಷಣ ಬಾಯಿ ನಗುತ್ತದೆ, ಕಣ್ಣು ಭಯ ಪಡುತ್ತದೆ. ಅದರ ಬದಲು ಮಾತಾಡಿಸಿ. ಅಜ್ಜಿಗೆ ಅವರ ತವರಿನ ಬಾವಿಯ ಬಗ್ಗೆ ಕೇಳಿ, ಅಪ್ಪನಿಗೆ ಅವರ ಮೊದಲ ಸ್ಕೂಟರಿನ ಬಗ್ಗೆ. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. ಮಾತಿನ ನಡುವೆ ಬಾಯಿ ತೆರೆದಿರುವಾಗ ಒತ್ತಬೇಡಿ. ಮಾತು ಮುಗಿದು, ಹೇಳಿದ್ದನ್ನೇ ಒಂದು ಗಳಿಗೆ ನೆನೆಯುತ್ತಾರಲ್ಲ, ಆಗ ಒತ್ತಿ.

1941ರ ಡಿಸೆಂಬರ್ 30ರಂದು ಕೆನಡಾದ ಒಟ್ಟಾವಾದಲ್ಲಿ ಛಾಯಾಗ್ರಾಹಕ ಯೂಸುಫ್ ಕಾರ್ಶ್, ಬ್ರಿಟನ್ನಿನ ಆಗಿನ ಪ್ರಧಾನಿ ಚರ್ಚಿಲ್‌ನ ಬಾಯಿಂದ ಚುಟ್ಟಾ ಕಿತ್ತುಕೊಂಡು, ಆತ ಸಿಡುಕಿ ನೋಡಿದ ಕ್ಷಣದಲ್ಲಿ ಫೋಟೊ ತೆಗೆದ ಕಥೆ ಎಲ್ಲ ಕ್ಲಾಸುಗಳಲ್ಲೂ ಬರುತ್ತದೆ. ಕಥೆ ನಿಜ, ಫೋಟೊ ಜಗತ್ಪ್ರಸಿದ್ಧ. ಆದರೆ ನಿಮ್ಮ ಮಾವನ ಕೈಯಿಂದ ಎಲೆಅಡಿಕೆ ತಟ್ಟೆ ಕಿತ್ತುಕೊಂಡು ಇದನ್ನು ಪರೀಕ್ಷಿಸಬೇಡಿ. ಕಾರ್ಶ್‌ಗೆ ಒಂದೇ ಅವಕಾಶ ಇತ್ತು. ನಿಮಗೆ ಮುಂದಿನ ವಾರವೂ ಅವರು ಕೂರಬೇಕು.

ಭಂಗಿಗೆ ಎರಡೇ ಸೂಚನೆ ಸಾಕು. ಗಲ್ಲವನ್ನು ಸ್ವಲ್ಪ ಮುಂದೆ ಚಾಚಿ ಚೂರು ಕೆಳಗಿಳಿಸಿದರೆ ದವಡೆಯ ಗೆರೆ ಸ್ಪಷ್ಟವಾಗುತ್ತದೆ. ಕೈಗೆ ಏನಾದರೂ ಕೆಲಸ ಕೊಡಿ: ಕಾಫಿ ಲೋಟ, ಹೂ ಕಟ್ಟುವುದು, ಪೇಪರ್. ಖಾಲಿ ಕೈಗೆ ಎಲ್ಲಿ ಹೋಗಬೇಕು ಅಂತ ಗೊತ್ತಿರುವುದಿಲ್ಲ. ‘ಹೀಗೆ ಕೂತ್ಕೊಳ್ಳಿ’ ಅಂತ ಬಾಯಲ್ಲಿ ಹೇಳುವುದಕ್ಕಿಂತ ನೀವೇ ಎದುರು ಕೂತು ಮಾಡಿ ತೋರಿಸಿ.

7. ಬೇರೆಯವರ ಫೋಟೊ ಓದಿ

ಪ್ರತಿ ವಾರ ಒಂದು ಒಳ್ಳೆಯ ಪೋರ್ಟ್ರೇಟ್ ತೆಗೆದುಕೊಂಡು ಹತ್ತು ನಿಮಿಷ ನೋಡಿ. ಕಣ್ಣಿನ ಮಿಂಚು ಎಲ್ಲಿದೆ? ಬೆಳಕು ಆ ಕಡೆಯದು. ಮೂಗಿನ ನೆರಳು ಎಷ್ಟು ಉದ್ದ? ಹಿನ್ನೆಲೆ ಎಷ್ಟು ದೂರ? ಒಂದು ಹಾಳೆಯ ಮೇಲೆ ಕಿಟಕಿ, ಕೂತವರು, ಕ್ಯಾಮೆರಾ ಮೂರನ್ನೂ ಗೆರೆಯಲ್ಲಿ ಬರೆಯಿರಿ. ಸರಿಯೋ ತಪ್ಪೋ ಅನ್ನುವುದು ಮುಂದಿನ ಸಲ ನಿಮ್ಮ ಕಿಟಕಿಯಲ್ಲೇ ಗೊತ್ತಾಗುತ್ತದೆ.

ಯಾರದ್ದನ್ನು ನೋಡಬೇಕು ಅಂದರೆ, ನಾನು ಮೊದಲು ಹೇಳುವ ಹೆಸರು ಮೈಸೂರಿನ ಟಿ. ಎಸ್. ಸತ್ಯನ್ (1923–2009). ಪತ್ರಿಕಾ ಛಾಯಾಗ್ರಾಹಕ, 1977ರಲ್ಲಿ ಪದ್ಮಶ್ರೀ. ಅವರ ಫೋಟೊಗಳಲ್ಲಿ ಮಕ್ಕಳು, ಮುದುಕರು, ಕೂಲಿಯವರು ‘ಅಯ್ಯೋ ಪಾಪ’ ಅನ್ನಿಸುವ ವಸ್ತುಗಳಾಗಿ ಕಾಣುವುದಿಲ್ಲ. ನಮ್ಮ ಹಾಗೇ ಇರುವ ಜನ ಅನ್ನಿಸುತ್ತದೆ. ಬೆಂಗಳೂರಿನವರಾದರೆ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಗೆ ಒಮ್ಮೆ ಹೋಗಿ ಬನ್ನಿ. ದೊಡ್ಡ ಪ್ರಿಂಟಿನ ಮುಂದೆ ನಿಲ್ಲುವುದಕ್ಕೂ ಫೋನಿನಲ್ಲಿ ಉಜ್ಜುತ್ತಾ ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ.

8. ಪ್ರತಿ ವಾರದ ಕೊನೆಗೆ: ಆರಿಸಿ, ಕೇಳಿ

ತೆಗೆದ ದಿನ ಆರಿಸಬೇಡಿ. ಆವತ್ತು ಫೋಟೊ ತೆಗೆಯಲು ಪಟ್ಟ ಕಷ್ಟವೂ ಕಣ್ಣಿಗೆ ಬೆರೆತಿರುತ್ತದೆ. ಎರಡು ದಿನ ಬಿಟ್ಟು ಮೂರು ಫೋಟೊ ಆರಿಸಿ. ಮೂವತ್ತು ಕಳಿಸಿದರೆ ನೋಡುವವರು ಸುಸ್ತಾಗಿ ‘ಎಲ್ಲ ಚೆನ್ನಾಗಿದೆ’ ಅಂದುಬಿಡುತ್ತಾರೆ. ಅದು ಅವರ ತಪ್ಪಲ್ಲ.

ಮೂವರಿಗೆ ತೋರಿಸಿ. ಒಬ್ಬರು ಫೋಟೊಗ್ರಫಿ ಗೊತ್ತಿರುವವರು, ಒಬ್ಬರು ಏನೂ ಗೊತ್ತಿಲ್ಲದವರು, ಮೂರನೆಯವರು ಫೋಟೊದಲ್ಲಿ ಕೂತವರೇ. ಮೂವರೂ ಬೇರೆ ಬೇರೆ ವಿಷಯ ಹೇಳುತ್ತಾರೆ. ಗೊತ್ತಿರುವವರಿಗೆ ಬೆಳಕು, ಫೋಕಸ್, ಚೌಕಟ್ಟು ಕಾಣುತ್ತದೆ. ಗೊತ್ತಿಲ್ಲದವರಿಗೆ ಮನುಷ್ಯ ಕಾಣುತ್ತಾನೆ. ನನ್ನ ಮಟ್ಟಿಗೆ ಎರಡನೆಯವರ ಮಾತಿಗೇ ಬೆಲೆ ಜಾಸ್ತಿ. ‘ಯಾಕೋ ಇವರು ಸಿಟ್ಟಲ್ಲಿದ್ದಾರೆ’ ಎಂದು ಅವರು ಅಂದರೆ, ರೆಂಬ್ರಾಂಟ್ ಬೆಳಕು ಎಷ್ಟೇ ಸರಿಯಾಗಿ ಬಿದ್ದಿದ್ದರೂ ಫೋಟೊ ಅದನ್ನೇ ಹೇಳುತ್ತಿದೆ.

ಕೇಳುವ ರೀತಿ ಮುಖ್ಯ. ‘ಹೇಗಿದೆ?’ ಅಂದರೆ ‘ಚೆನ್ನಾಗಿದೆ’ ಅಂತಲೇ ಬರುತ್ತದೆ. ಆ ವಾರ ಏನು ಬದಲಿಸಿದಿರೋ ಅದರ ಬಗ್ಗೆ ಒಂದೇ ಪ್ರಶ್ನೆ ಕೇಳಿ:

‘ಈ ಮೂರರಲ್ಲಿ ಯಾವುದರಲ್ಲಿ ಮುಖ ನಿಜಕ್ಕೆ ಹತ್ತಿರ ಇದೆ?’

‘ಮೊದಲು ನಿಮ್ಮ ಕಣ್ಣು ಎಲ್ಲಿಗೆ ಹೋಯಿತು?’

‘ಎಡಗಡೆ ನೆರಳು ಜಾಸ್ತಿ ಆಯಿತಾ, ಸಾಲದಾ?’

‘ಇವರು ಏನು ಯೋಚಿಸುತ್ತಿದ್ದಾರೆ ಅನ್ನಿಸುತ್ತದೆ?’

ದಾಕ್ಷಿಣ್ಯದ ಜನ ನಾವು. ಮುಖ ನೋಡಿ ಕೆಟ್ಟದ್ದು ಹೇಳಲು ಹಿಂಜರಿಯುತ್ತೇವೆ. ಅಂಥವರಿಗೆ ‘ಒಂದನ್ನು ಅಳಿಸಲೇಬೇಕು ಅಂದರೆ ಯಾವುದನ್ನು ಅಳಿಸುತ್ತೀರಿ?’ ಎಂದು ಕೇಳಿ. ಟೀಕೆ ಮಾಡಿದ ಹಾಗೂ ಆಗುವುದಿಲ್ಲ, ನಿಮಗೆ ಬೇಕಾದ ಉತ್ತರವೂ ಸಿಗುತ್ತದೆ. ಆಮೇಲೆ ಯಾಕೆ ಅಂತ ಕೇಳಿ ಸುಮ್ಮನಿರಿ. ‘ಆವತ್ತು ಮೋಡ ಇತ್ತು’, ‘ಅವರು ಅಲ್ಲಾಡಿದರು’ ಅಂತ ಶುರು ಮಾಡಿದರೆ ಹೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಅವರ ಮಾತನ್ನು ಅವರ ಪದದಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಗೊತ್ತಿರುವವರು ಯಾರೂ ಸಿಗದಿದ್ದರೆ ಫೋಟೊ ಕ್ಲಬ್ಬುಗಳಿವೆ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಇದೆ. ಕ್ಲಬ್ಬುಗಳು ನಡೆಸುವ, ಸಲಾನ್ ಎಂಬ ಫೋಟೊ ಸ್ಪರ್ಧೆಗಳಿಗೂ ಕಳಿಸಬಹುದು. ಆದರೆ ಸ್ಪರ್ಧೆಯ ಅಂಕವನ್ನೇ ಅಭಿಪ್ರಾಯ ಅಂದುಕೊಳ್ಳಬೇಡಿ. ಅಂಕ ಬಂತೋ ಇಲ್ಲವೋ ಗೊತ್ತಾಗುತ್ತದೆ, ಯಾಕೆ ಅನ್ನುವುದು ಗೊತ್ತಾಗುವುದಿಲ್ಲ.

9. ಬಂದ ಮಾತನ್ನು ಕೆಲಸವಾಗಿ ಬದಲಿಸಿ

ಜನ ಹೇಳುವುದು ಲಕ್ಷಣ ಮಾತ್ರ. ಕಾರಣ ನೀವೇ ಹುಡುಕಬೇಕು.

‘ಮುಖ ಊದಿದ ಹಾಗಿದೆ’ ಅಂದರೆ ನೀವು ತೀರಾ ಹತ್ತಿರ ಹೋಗಿದ್ದೀರಿ, ಇಲ್ಲವೇ ಬೆಳಕು ನೇರ ಎದುರಿನಿಂದ ಬಿದ್ದಿದೆ. ಎರಡು ಹೆಜ್ಜೆ ಹಿಂದೆ, ಸ್ಟೂಲು ಸ್ವಲ್ಪ ಓರೆ. ‘ಕಣ್ಣಲ್ಲಿ ಜೀವ ಇಲ್ಲ’ ಅಂದರೆ ಮೊದಲು ಮಿಂಚು ಇದೆಯಾ ನೋಡಿ, ಆಮೇಲೆ ಫೋಕಸ್ ಕಣ್ಣಿನ ಮೇಲಿದೆಯಾ ಅಥವಾ ಮೂಗಿನ ಮೇಲಿದೆಯಾ ನೋಡಿ. ‘ತಲೆ ಮೇಲೆ ಏನೋ ಬೆಳೆದಿದೆ’ ಎಂದರೆ ಹಿಂದೆ ಕಿಟಕಿ ಸರಳೋ ಫ್ಯಾನಿನ ರೆಕ್ಕೆಯೋ ಇರುತ್ತದೆ, ಅರ್ಧ ಅಡಿ ಪಕ್ಕಕ್ಕೆ ಸರಿದರೆ ಹೋಗುತ್ತದೆ.

‘ಕಪ್ಪಗೆ ಬಂದಿದೆ’ ಅನ್ನುವುದು ಮಾತ್ರ ಎರಡು ಥರ. ನಿಜವಾಗಿಯೂ ಬೆಳಕು ಕಡಿಮೆ ಆಗಿರಬಹುದು. ಅಥವಾ ಬಣ್ಣ ಸರಿಯಾಗೇ ಬಂದಿದ್ದು, ಅವರಿಗೆ ಬಿಳಿ ಬೇಕಾಗಿರಬಹುದು. ನಾಲ್ಕನೇ ವಾರದ ಐದು ಫೋಟೊಗಳನ್ನು ತೆಗೆದು ನೋಡಿ ತೀರ್ಮಾನ ಮಾಡಿ.

ಕೂತವರು ‘ಇದು ನಾನಲ್ಲ’ ಅಂದರೆ ಗಾಬರಿ ಬೀಳಬೇಡಿ. ನಾವು ನಮ್ಮ ಮುಖವನ್ನು ದಿನಾ ನೋಡುವುದು ಕನ್ನಡಿಯಲ್ಲಿ, ಎಡ ಬಲ ಅದಲುಬದಲಾಗಿ. 1977ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಜನ ತಮ್ಮ ಫೋಟೊದ ಕನ್ನಡಿ ರೂಪವನ್ನೂ, ಅವರ ಆಪ್ತರು ಮಾಮೂಲಿ ರೂಪವನ್ನೂ ಹೆಚ್ಚಾಗಿ ಮೆಚ್ಚಿದ್ದರು. ಫೋಟೊವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಎಡ ಬಲ ತಿರುವಿ ತೋರಿಸಿ. ‘ಹಾಂ, ಇದು ಸರಿ’ ಅಂದರೆ ತೊಂದರೆ ನಿಮ್ಮ ಫೋಟೊದಲ್ಲಿಲ್ಲ. ಆಗಲೂ ಮುಖ ಸಿಂಡರಿಸಿದರೆ ಬೆಳಕನ್ನೋ ದೂರವನ್ನೋ ನೋಡಬೇಕು.

ಮೂವರ ಮಾತೂ ಒಂದಕ್ಕೊಂದು ಹೊಂದದೆ ಹೋಗುವುದೂ ಉಂಟು. ಇಬ್ಬರು ಹೇಳಿದ್ದನ್ನು ಮೊದಲು ಮಾಡಿ. ಒಬ್ಬರೇ ಹೇಳಿದ್ದನ್ನು ಬರೆದಿಟ್ಟುಕೊಳ್ಳಿ, ಮುಂದಿನ ವಾರವೂ ಬಂದರೆ ನೋಡೋಣ. ‘ನಾನಾಗಿದ್ದರೆ ಕಪ್ಪು ಬಿಳುಪು ಮಾಡುತ್ತಿದ್ದೆ’ ಎಂಬಂಥ ಮಾತುಗಳನ್ನು ನಗುನಗುತ್ತಾ ಕೇಳಿ ಬಿಟ್ಟುಬಿಡಿ. ಅದು ಅವರ ಫೋಟೊ, ನಿಮ್ಮದಲ್ಲ.

10. ಮತ್ತೆ ತೆಗೆಯಿರಿ

ಆರನೇ ಮತ್ತು ಏಳನೇ ವಾರ ಹೊಸದೇನೂ ಇಲ್ಲ. ಹಿಂದಿನ ವಾರಗಳಲ್ಲಿ ಹೆಚ್ಚು ಟೀಕೆ ಬಂದ ಎರಡು ಫೋಟೊಗಳನ್ನು ತೆಗೆದುಕೊಳ್ಳಿ. ಅದೇ ಹೊತ್ತು, ಅದೇ ಸ್ಟೂಲು, ಆದಷ್ಟು ಅದೇ ಬಟ್ಟೆ. ಟೀಕೆ ಬಂದ ಒಂದು ವಿಷಯ ಮಾತ್ರ ಬದಲಿಸಿ ತೆಗೆಯಿರಿ. ಹಳೆಯದನ್ನೂ ಹೊಸದನ್ನೂ ಅದೇ ಮೂವರಿಗೆ ತೋರಿಸಿ. ಯಾವುದು ಹಳೆಯದು ಎಂದು ಹೇಳಬೇಡಿ. ಅವರು ಹಳೆಯದನ್ನೇ ಆರಿಸಿದರೆ ನೀವು ಹುಡುಕಿದ ಕಾರಣ ತಪ್ಪು. ಅಲ್ಲಿಂದ ಮತ್ತೆ ಹುಡುಕಿ. ಈ ಕೆಲಸ ಬೋರು ಹೊಡೆಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಎರಡು ತಿಂಗಳಲ್ಲಿ ಬಿಡಬಾರದ ವಾರ ಯಾವುದು ಅಂದರೆ ಇದೇ.

ಎಡಿಟಿಂಗ್ ಬಗ್ಗೆ ಎರಡೇ ಮಾತು. ಬೆಳಕು, ಬಣ್ಣ, ಕತ್ತರಿಸುವುದು ಇಷ್ಟು ಸಾಕು. ಮೊಡವೆ ಮುಂದಿನ ವಾರಕ್ಕೆ ಹೋಗುತ್ತದೆ, ಹಾಗಾಗಿ ತೆಗೆಯಬಹುದು. ಮಚ್ಚೆ, ಸುಕ್ಕು ಹೋಗು ಅಂದರೂ ಹೋಗುವುದಿಲ್ಲ. ಕೇಳದೆ ಅವನ್ನು ಮುಟ್ಟಬೇಡಿ.

11. ಎಂಟನೇ ವಾರ: ಹೊರಗೆ

ಈಗ ಬೇರೆ ಮುಖಗಳಿಗೆ ಹೋಗಬಹುದು. ಹೊರಗಿನ ದೊಡ್ಡ ಸಮಸ್ಯೆ ನೆತ್ತಿಯ ಬಿಸಿಲು. ಬೆಂಗಳೂರಿನಲ್ಲಿ ಏಪ್ರಿಲ್ 24–25 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ನೇರ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಅಂಥ ಬೆಳಕಿನಲ್ಲಿ ಮನುಷ್ಯರ ಕಣ್ಣುಗಳು ಎರಡು ಕಪ್ಪು ಗುಂಡಿ. ಮಲೆನಾಡಿನ ಮಳೆಗಾಲದ ಮೋಡದ ಬೆಳಕು ಮೆದುವಾಗಿದ್ದರೂ ಬರುವುದು ಮೇಲಿನಿಂದಲೇ, ಕಣ್ಣಿನ ಕೆಳಗೆ ನೆರಳು ಇದ್ದೇ ಇರುತ್ತದೆ. ಎರಡಕ್ಕೂ ಒಂದೇ ಮದ್ದು: ಜಗಲಿ. ಮಾಡಿನ ಕೆಳಗೆ, ಅಂಚಿನಿಂದ ಎರಡು ಅಡಿ ಒಳಗೆ, ಹೊರಗೆ ನೋಡುವ ಹಾಗೆ ಕೂರಿಸಿ. ಮೇಲಿನ ಬೆಳಕನ್ನು ಮಾಡು ತಡೆಯುತ್ತದೆ, ಅಂಗಳದ ಬೆಳಕು ಎದುರಿನಿಂದ ಮುಖಕ್ಕೆ ಬೀಳುತ್ತದೆ. ಪೇಟೆಯಲ್ಲಿ ಅಂಗಡಿಯ ಟಾರ್ಪಾಲಿನ ಅಂಚು, ಮೆಟ್ರೊ ಸ್ಟೇಷನ್ನಿನ ಬಾಗಿಲು, ಬಸ್‌ಸ್ಟ್ಯಾಂಡಿನ ಸೂರು ಇದೇ ಕೆಲಸ ಮಾಡುತ್ತವೆ. ನೀಲಿ ಟಾರ್ಪಾಲಿನ ಕೆಳಗೆ ಬೇಡ, ಮುಖವೆಲ್ಲ ನೀಲಿ.

ಗೊತ್ತಿಲ್ಲದವರನ್ನು ತೆಗೆಯುವ ಮುಂಚೆ ಕೇಳಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೋ ನಿಮ್ಮೂರ ಸಂತೆಯಲ್ಲೋ ಮೊದಲು ಏನಾದರೂ ಕೊಂಡು, ಎರಡು ಮಾತಾಡಿ, ಆಮೇಲೆ ‘ಅಕ್ಕಾ, ನಿಮ್ಮದೊಂದು ಫೋಟೊ ತೆಗೀಲಾ?’ ಅಂತ ಕೇಳಿ. ಬೇಡ ಅಂದರೆ ಬೇಡ. ಒಪ್ಪಿದರೆ ಗಿರಾಕಿ ಬಂದಾಗ ಪಕ್ಕಕ್ಕೆ ಸರಿದು ನಿಲ್ಲಿ, ವ್ಯಾಪಾರದ ಹೊತ್ತು ಅದು. ತೆಗೆದದ್ದನ್ನು ಅಲ್ಲೇ ತೋರಿಸಿ, ಅವರೇನು ಹೇಳುತ್ತಾರೆ ಕೇಳಿ, ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮುಂದಿನ ಸಂತೆಗೆ ಒಂದು ಪ್ರಿಂಟ್ ಹಾಕಿಸಿಕೊಂಡು ಹೋದರೆ ಪಕ್ಕದ ಅಂಗಡಿಯವರೂ ‘ನಮ್ದೂ ಒಂದು ತೆಗೀರಿ’ ಅನ್ನುತ್ತಾರೆ.